ಯಾವ ಹಾಡಿನ ಹಿಂದೆ ಯಾವ ಹಾಡು?



ಹಾಡು ಬರೆದ ಕವಿಗೆ ಹೊಗಳಿಕೆ ಉಂಟು. ರಾಗ ಹಾಕಿದವರಿಗೆ ಪ್ರಶಸ್ತಿ ಉಂಟು. ಹಾಡಿದವರಿಗೆ ಹಾರ ಉಂಟು. ತುಟಿ ಅಲ್ಲಾಡಿಸಿ ಕುಣಿದ ಹೀರೋಗಂತೂ ಅರವತ್ತು ಅಡಿ ಕಟೌಟೇ ಉಂಟು! ಆದರೆ ಗಣಪತಿ ಕಳಿಸುವ ರಾತ್ರಿ ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಆಂಪ್ಲಿಫೈಯರ್ ಪಕ್ಕ ಕೂತು, ಈ ಹಾಡು ಮುಗಿದ ಮೇಲೆ ಯಾವ ಹಾಡು ಹಾಕಲಿ ಅಂತ ತಲೆ ಕೆಡಿಸಿಕೊಳ್ಳುವ ಮೈಕ್ ಸೆಟ್ಟಿನವನಿಗೆ ಏನುಂಟು? ಎರಡೇ ಎರಡು ಮಾತು. ಒಂದು, "ಸೌಂಡ್ ಜಾಸ್ತಿ ಮಾಡಲೇ!" ಇನ್ನೊಂದು, "ಹಾಡು ಚೇಂಜ್ ಮಾಡಲೇ!"

ಈ ವಾರ ಅವನ ಪರವಾಗಿ ನನ್ನ ವಕಾಲತ್ತು. ಬಂಡ್ರಿ ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ಸಂಡೂರು ಬಸ್ಸು ಹತ್ತೋ ಹುಡುಗರು ಸೀಟು ಸಿಕ್ಕ ಕೂಡಲೇ ಮೊದಲು ಈ ಪುಟ ಓದಬೇಕು. ಯಾಕೆಂದರೆ ಮುಂದಿನ ಹಬ್ಬಕ್ಕೆ ಮೊಬೈಲು ಹಿಡಿದು ಹಾಡು ಹಾಕೋರು ನೀವೇ!

ನಮ್ಮ ಬಂಡ್ರಿ ಕಡೆ ಮೈಕ್ ಸೆಟ್ ಇಟ್ಟುಕೊಂಡಿದ್ದ ಹಿರಿಯರೊಬ್ಬರಿದ್ದರು. ನಾವು ಹುಡುಗರೆಲ್ಲ ಮೈಕಣ್ಣ ಅಂತಲೇ ಕರೀತಿದ್ವಿ. ಅಹುಜಾ ಆಂಪ್ಲಿಫೈಯರು, ಎರಡು ಹಾರ್ನು, ಒಂದು ರೆಕಾರ್ಡ್ ಪ್ಲೇಯರು, ತಗಡಿನ ಪೆಟ್ಟಿಗೆ ತುಂಬ ರೆಕಾರ್ಡು. ಅವೆಲ್ಲ ಹೆಚ್ಚಾಗಿ ಇಪಿಗಳು, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗೋ ಅಂಗೈಯಗಲದ ತಟ್ಟೆ. ಒಂದು ಮಗ್ಗುಲಿಗೆ ಎರಡು ಹಾಡು, ಆ ಮಗ್ಗುಲಿಗೆ ಎರಡು. ನಾಲ್ಕೂ ಒಂದೇ ಚಿತ್ರದವು, ಒಬ್ಬನೇ ಸಂಗೀತ ನಿರ್ದೇಶಕನವು.

"ಹಾಡು ಚೆಂದ ಐತೇನು ಅಂತ ನನ್ನ ಕೇಳಬ್ಯಾಡ್ರಲೇ," ಅಂತಿದ್ದ ಮೈಕಣ್ಣ. "ಕಾಲು ಏನಂತಾವೆ ನೋಡ್ರಿ!"

ಆತ ತಟ್ಟೆ ತಿರುವಿ ಹಾಕುವಾಗ ಅರ್ಧ ನಿಮಿಷ ಊರೇ ಸುಮ್ಮನಾಗ್ತಿತ್ತು. ಕುಣಿಯೋರು ಬೆವರು ಒರೆಸಿಕೊಳ್ಳೋರು. ನೀರು ಕುಡಿಯೋರು. ಕಾಲು ಸೋತವನು ಪಕ್ಕಕ್ಕೆ ಸರಿಯೋನು, ಹೊಸಬ ಒಳಗೆ ಬರೋನು. ಆಗ ಅದು ಬರೀ ಯಂತ್ರದ ಅನನುಕೂಲ ಅಂತ ಕಾಣ್ತಿತ್ತು. ಅದರ ಒಳಗುಟ್ಟು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಟ್ಯಾಂಗೋ ಬಗ್ಗೆ ಓದಿದಾಗ.

ಹೌದು ಸ್ವಾಮಿ, ಟ್ಯಾಂಗೋ! ನಗಬೇಡಿ. ಟ್ಯಾಂಗೋ ನಿಮಗೆ ಗೊತ್ತಿಲ್ಲದ್ದೇನಲ್ಲ. 1992ರ 'ಸೆಂಟ್ ಆಫ್ ಎ ವುಮನ್' ಇಂಗ್ಲಿಷ್ ಚಿತ್ರದಲ್ಲಿ ಕಣ್ಣು ಕಾಣದ ಅಲ್ ಪಚಿನೋ ಹೋಟೆಲಿನಲ್ಲಿ ಒಬ್ಬ ಚೆಲುವೆಯ ಕೈ ಹಿಡಿದು ಕುಣಿದನಲ್ಲ, ಅದೇ. ಮೂಕಿ ಚಿತ್ರಗಳ ಕಾಲದಲ್ಲೂ, 1921ರಲ್ಲಿ, ರುಡಾಲ್ಫ್ ವ್ಯಾಲೆಂಟಿನೋ ಒಂದು ಟ್ಯಾಂಗೋ ಕುಣಿದೇ ಲೋಕದ ಹೆಂಗಳೆಯರ ನಿದ್ದೆ ಕೆಡಿಸಿದ್ದ. ಆದರೆ ಅದು ಸಿನಿಮಾದ ಟ್ಯಾಂಗೋ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪಟ್ಟಣದಲ್ಲಿ ಗುಮಾಸ್ತರು, ಅಂಗಡಿಯವರು, ಅಜ್ಜ-ಅಜ್ಜಿಯರು ಸಂಜೆ ಸೇರಿ ಕುಣಿಯೋ ಟ್ಯಾಂಗೋ ಬೇರೆ. ಅಲ್ಲಿ ಹೀರೋ ಇಲ್ಲ, ಕ್ಯಾಮೆರಾ ಇಲ್ಲ. ನಮ್ಮ ಮೈಕಣ್ಣನ ಹಾಗೆ ಮೂಲೆಯಲ್ಲಿ ಕೂತು ಹಾಡು ಜೋಡಿಸೋನು ಮಾತ್ರ ಇದ್ದಾನೆ!

ಅವನ ಲೆಕ್ಕ ಕೇಳಿ. ಹಾಡನ್ನು ಒಂದೊಂದಾಗಿ ಹಾಕೋದಿಲ್ಲ. ಮೂರು ಇಲ್ಲವೇ ನಾಲ್ಕು ಹಾಡಿನ ಒಂದು ಗುಂಪು ಮಾಡ್ತಾನೆ. ಆ ಗುಂಪಿಗೆ ಅವರ ಭಾಷೆಯಲ್ಲಿ ಏನಂತಾರೆ ಗೊತ್ತೇ? 'ತಾಂಡಾ'! ನಮ್ಮ ಸಂಡೂರು ಸೀಮೆಯಲ್ಲಿ ತಾಂಡಾ ಅಂದರೆ ಲಂಬಾಣಿಗರ ಊರು. ಅಲ್ಲಿ ತಾಂಡಾ ಅಂದರೆ ಸರದಿ, ಒಂದು ಸುತ್ತು. ಹೆಸರು ಒಂದೇ, ಅರ್ಥ ಬೇರೆ. ಆದರೂ ಒಂದು ಸಾಮ್ಯ ಇದೆ ನೋಡಿ. ನಮ್ಮ ತಾಂಡಾದಲ್ಲಿ ಒಂದೇ ಬಳಗದವರು ಒಟ್ಟಿಗೆ ಇರ್ತಾರೆ, ಅವರ ತಾಂಡಾದಲ್ಲಿ ಒಂದೇ ಬಳಗದ ಹಾಡು ಒಟ್ಟಿಗೆ ಇರ್ತವೆ. ಒಂದೇ ವಾದ್ಯವೃಂದ, ಹತ್ತಿರ ಹತ್ತಿರದ ವರ್ಷಗಳು, ಒಂದೇ ಚಾಲು. ಮೊದಲ ಹಾಡು ಕೇಳಿದ ಕೂಡಲೇ ಕುಣಿಯೋನಿಗೆ ಮುಂದಿನ ಮೂರು ಹೇಗಿರ್ತವೆ ಅಂತ ಭರವಸೆ ಬರ್ತದೆ. ಆ ಸುತ್ತು ಮುಗಿಯೋವರೆಗೆ ಜೊತೆಗಾತಿಯನ್ನು ಬದಲಾಯಿಸೋ ಹಾಗಿಲ್ಲ.

ಸುತ್ತು ಮುಗಿದ ಮೇಲೆ ಅರ್ಧ ನಿಮಿಷ, ಮುಕ್ಕಾಲು ನಿಮಿಷ, ಟ್ಯಾಂಗೋಗೆ ಸಂಬಂಧವೇ ಇಲ್ಲದ ಒಂದು ತುಣುಕು ಸಂಗೀತ. ಅದಕ್ಕೆ 'ಕೊರ್ತಿನಾ' ಅಂತಾರೆ, ಅಂದರೆ ಪರದೆ. ನಮ್ಮ ಟೆಂಟಿನಲ್ಲಿ ರೀಲು ಬದಲಾಯಿಸೋವಾಗ ಲೈಟು ಹಾಕ್ತಿದ್ದರಲ್ಲ, ಹಾಗೆ. ಆಗ ಎಲ್ಲರೂ ಕುರ್ಚಿಗೆ ವಾಪಸ್. ಜೊತೆಗಾರ ಸರಿ ಹೋಗದಿದ್ದರೆ ಮುಖ ಮುರಿಯದೆ ದೂರ ಸರಿಯೋಕೆ ಅದೊಂದು ಮರ್ಯಾದೆಯ ದಾರಿ. ಎರಡು ಸುತ್ತು ಟ್ಯಾಂಗೋ, ಒಂದು ಸುತ್ತು ಮೂರೆಣಿಕೆಯ ವಾಲ್ಟ್ಸ್, ಮತ್ತೆ ಎರಡು ಟ್ಯಾಂಗೋ, ಆಮೇಲೆ 'ಮಿಲೋಂಗಾ' ಅನ್ನೋ ಚುರುಕು ಕುಣಿತ. ರಾತ್ರಿಯಿಡೀ ಇದೇ ಕ್ರಮ.

ಯಾವ ಹೊತ್ತಿಗೆ ಯಾರನ್ನು ಹಾಕಬೇಕು ಅನ್ನೋದೂ ಒಂದು ವಿದ್ಯೆ. ಹ್ವಾನ್ ದಾರಿಯೆನ್ಸೊ ಅಂತ ಒಬ್ಬ ವಾದ್ಯವೃಂದದ ಯಜಮಾನ. ಜನ ಅವನಿಗೆ ಕೊಟ್ಟ ಬಿರುದು 'ತಾಳದ ರಾಜ'. 1935ರ ಕೊನೆಗೆ ರೊಡೋಲ್ಫೊ ಬಿಯಾಜಿ ಅವನ ಪಿಯಾನೋ ಮುಂದೆ ಬಂದು ಕೂತ ಮೇಲಂತೂ ಆ ಹೊಡೆತಕ್ಕೆ ಕುಂತವರೂ ಎದ್ದರು. ಕಾರ್ಲೋಸ್ ದಿ ಸಾರ್ಲಿ ಅಂತ ಇನ್ನೊಬ್ಬ. ಅವನದು ನಿಧಾನ, ನುಣುಪು, ಹೊಸದಾಗಿ ಕಲಿಯೋನೂ ಧೈರ್ಯವಾಗಿ ಹೆಜ್ಜೆ ಇಡಬಹುದು. ಓಸ್ವಾಲ್ಡೊ ಪುಗ್ಲಿಯೇಸೆ ಅಂತ ಮತ್ತೊಬ್ಬ. ಆತ ಕಮ್ಯುನಿಸ್ಟ್, ಜೈಲಿಗೂ ಹೋಗಿ ಬಂದವನು. ಅವನು ಒಳಗಿದ್ದಾಗ ಅವನ ತಂಡದವರು ಖಾಲಿ ಪಿಯಾನೋ ಮೇಲೆ ಒಂದು ಕೆಂಪು ಹೂವಿಟ್ಟು ನುಡಿಸ್ತಿದ್ದರಂತೆ. ಎಂಥಾ ಕ್ಲೈಮ್ಯಾಕ್ಸ್ ಸೀನು! ಅವನ ಸಂಗೀತ ಭಾರ, ಆಳ. ಅದನ್ನು ರಾತ್ರಿ ತಡವಾಗಿ, ಪಳಗಿದ ಕಾಲುಗಳಿಗೆ ಹಾಕ್ತಾರೆ. ಈ ಮೂವರನ್ನೂ ಒಂದೇ ಸುತ್ತಿನಲ್ಲಿ ಕಲಸಿದರೆ? ಬಿರಿಯಾನಿಗೆ ಪಾಯಸ ಸುರಿದ ಹಾಗೆ!

ಈಗ ನಮ್ಮ ಊರಿಗೆ ಬನ್ನಿ.

ಅಭಿಮಾನಕ್ಕೆ ನಮ್ಮ ಸೀಮೆ ಹೆಸರುವಾಸಿ. 2022ರಲ್ಲಿ ಹೊಸಪೇಟೆಯಲ್ಲಿ ಪುನೀತ್ ರಾಜ್‌ಕುಮಾರ್ ಪ್ರತಿಮೆ ನಿಂತಾಗ ಸೇರಿದ ಜನ ನೆನಪಿಸಿಕೊಳ್ಳಿ. ಆ ಪ್ರೀತಿ ದೊಡ್ಡದು. ಆದರೆ ಅದೇ ಪ್ರೀತಿ ಮೆರವಣಿಗೆಯಲ್ಲಿ ಮೈಕ್ ಸೆಟ್ಟಿನವನ ಕುತ್ತಿಗೆಗೆ ಬರ್ತದೆ. "ನಮ್ಮ ಬಾಸ್ ಹಾಡು ಹಾಕು!" ಅಂತ ಒಂದು ಗುಂಪು. "ಮೊದಲು ನಮ್ಮಣ್ಣಂದು!" ಅಂತ ಇನ್ನೊಂದು ಗುಂಪು. ಅವನು ಹೆದರಿ ಒಂದು ಹಾಡನ್ನು ಅರ್ಧಕ್ಕೆ ಕಡೀತಾನೆ. ಅಲ್ಲಿಗೆ ಮುಗೀತು! ಕೈ ಮೇಲೆತ್ತಿ ಕುಣೀತಿದ್ದವನ ಕೈ ಹಾಗೇ ಇನ್ನೊಬ್ಬನ ಕೊರಳಪಟ್ಟಿಗೆ ಇಳೀತದೆ. ನಮ್ಮ ಕಡೆ ಒಂದು ಊರಲ್ಲಿ ಇದನ್ನು ನಾನೇ ಕಣ್ಣಾರೆ ಕಂಡಿದ್ದೀನಿ. ಒಬ್ಬ ಹುಡುಗನ ಹಣೆಗೆ ಆರು ಹೊಲಿಗೆ ಬಿತ್ತು. ಗಣಪ್ಪ ಟ್ರೈಲರಿನಲ್ಲೇ ಬೆಳಗಿನವರೆಗೆ ಕೂತ. ಮಾರನೇ ವರ್ಷ ಆ ಊರಲ್ಲಿ ಮೆರವಣಿಗೆಯೂ ಇಲ್ಲ, ಕುಣಿತವೂ ಇಲ್ಲ. ಹೊಲಿಗೆ ಹಾಕಿಸಿಕೊಂಡವನೂ, ಹೊಡೆದವನೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತವರು!

ಇದಕ್ಕೆ ಮದ್ದು ಟ್ಯಾಂಗೋದವರ ಹತ್ತಿರ ಇದೆ ಅನ್ನೋದೇ ನನ್ನ ವಾದ. ಅವರು ಸುತ್ತನ್ನು ಕಟ್ಟೋದು ವಾದ್ಯವೃಂದದ ಹೆಸರಿನಲ್ಲಿ. ನೀವು ಸುತ್ತಿಗೆ ಹೀರೋ ಹೆಸರು ಇಡಬೇಡಿ. ಸಂಗೀತ ನಿರ್ದೇಶಕನ ಹೆಸರಿಡಿ!

ಉದಾಹರಣೆ ಕೊಡ್ತೀನಿ. ರಾಜನ್-ನಾಗೇಂದ್ರ ಸುತ್ತು ಅಂತ ಮಾಡಿ. 'ನಾ ನಿನ್ನ ಮರೆಯಲಾರೆ' (1976) ಹಾಕಿದರೆ ರಾಜಣ್ಣ ಬಂದರು. 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ' (1978) ಹಾಕಿದರೆ ವಿಷ್ಣು ದಾದಾ ಬಂದರು. 'ಆಟೋ ರಾಜ' (1980) ಹಾಕಿದರೆ ಶಂಕ್ರಣ್ಣ ಬಂದರು. ಇನ್ನು 'ಗಂಧದ ಗುಡಿ' (1973) ತಗೊಂಡರೆ ರಾಜ್ ಮತ್ತು ವಿಷ್ಣು ಇಬ್ಬರೂ ಒಂದೇ ಚಿತ್ರದಲ್ಲಿ! ಒಂದೇ ಜೋಡಿಯ ರಾಗ, ಹತ್ತಿರದ ವರ್ಷಗಳು. ಕಾಲಿಗೆ ತಡವರಿಕೆ ಇಲ್ಲ, ಮೂರೂ ಗುಂಪಿಗೆ ಸಮಾಧಾನ.

ಹಂಸಲೇಖ ಸುತ್ತೂ ಹಾಗೇ. 'ಪ್ರೇಮಲೋಕ' (1987), 'ರಣಧೀರ' (1988) ರವಿಚಂದ್ರನ್‌ದು. 'ಸಾಂಗ್ಲಿಯಾನ' (1988) ಶಂಕರ್‌ನಾಗ್‌ದು. 'ಓಂ' (1995) ಶಿವಣ್ಣಂದು. ನಾಲ್ಕರ ಹಿಂದೆಯೂ ಕೈ ಒಂದೇ. ಅಪ್ಪು ಸುತ್ತು ಬೇಕೇ ಬೇಕು ಅಂದರೆ ಗುರುಕಿರಣ್ ಸಂಗೀತದ 'ಅಪ್ಪು' (2002) ಹಿಡಿದು ಅಲ್ಲಿಂದ ಮುಂದಕ್ಕೆ ಕಟ್ಟಿ. ಆದರೆ 1973ರ ಹಾಡಿನ ಬಾಲಕ್ಕೆ 2002ರ ಹಾಡು ಗಂಟು ಹಾಕಬೇಡಿ. ಆ ಕಾಲದ ತಬಲಾ, ಢೋಲಕ್ ಕೇಳಿದ ಕಾಲಿಗೆ ಏಕಾಏಕಿ ಕಂಪ್ಯೂಟರ್ ಡ್ರಮ್ಮು ಬಿದ್ದರೆ ಅರ್ಧ ಜನ ನಿಂತುಬಿಡ್ತಾರೆ. ಬೇಕಾದರೆ ಈ ಸಲ ಗಮನಿಸಿ ನೋಡಿ.

ನಡುವೆ ಪರದೆ ಮರೀಬೇಡಿ. ಬರೀ ಶಹನಾಯಿ ತುಣುಕೋ, ಕೊಳಲೋ ಅರ್ಧ ನಿಮಿಷ ಸಾಕು. ಜಾಸ್ತಿ 'ಏರಿಸಿಕೊಂಡವನನ್ನು' ಗೆಳೆಯರು ಪಕ್ಕಕ್ಕೆ ಕರಕೊಂಡು ಹೋಗೋಕೆ ಅದೇ ಹೊತ್ತು. ಮುಂದಿನ ಓಣಿಯವರು ಮುಂದಕ್ಕೆ ಬರೋಕೂ ಅದೇ ಹೊತ್ತು. ಮೈಕಣ್ಣನಿಗೆ ಇದನ್ನು ಇಪಿ ತಟ್ಟೆಯೇ ಮಾಡಿಕೊಡ್ತಿತ್ತು. ನಿಮ್ಮ ಮೊಬೈಲು ಮಾಡಿಕೊಡೋದಿಲ್ಲ, ಅದಕ್ಕೆ ದಣಿವೇ ಇಲ್ಲವಲ್ಲ!

ಇನ್ನೊಂದು ಮಾತು, ಸ್ವಲ್ಪ ಗಂಭೀರವಾಗಿ ಕೇಳಿ. ಟ್ಯಾಂಗೋ ಲೋಕದ ಅತಿ ದೊಡ್ಡ ಗಾಯಕ ಕಾರ್ಲೋಸ್ ಗಾರ್ದೆಲ್. ಚಿತ್ರನಟನೂ ಹೌದು, ಪ್ಯಾರಮೌಂಟ್ ಕಂಪನಿಗೆ ಚಿತ್ರಗಳನ್ನು ಮಾಡಿದವನು. ಅಲ್ ಪಚಿನೋ ಕುಣಿದನಲ್ಲ, ಆ ರಾಗವೂ ಗಾರ್ದೆಲ್‌ದೇ. 1935ರ ಜೂನ್ 24ರಂದು ಕೊಲಂಬಿಯಾದ ಮೆಡಿಯೀನ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಒಂದು ಇಡೀ ದೇಶ ಅತ್ತಿತು. ವಿಚಿತ್ರ ಏನು ಗೊತ್ತೇ? ಬ್ಯೂನಸ್ ಐರಿಸ್‌ನ ಕುಣಿತದ ಮನೆಗಳಲ್ಲಿ ಅವನು ಹಾಡಿದ ರೆಕಾರ್ಡು ಹಾಕಿ ಕುಣಿಯೋದಿಲ್ಲ! ದನಿಯ ಭಾವಕ್ಕೆ ತಕ್ಕ ಹಾಗೆ ತಾಳವನ್ನು ಎಳೀತಾನೆ, ಬಿಡ್ತಾನೆ; ಕಾಲಿಗೆ ಅದು ಸಿಗೋದಿಲ್ಲ. ಅದಕ್ಕೂ ಮಿಗಿಲಾಗಿ, ಗಾರ್ದೆಲ್ ಹಾಡಿದರೆ ಕೂತು ಕೇಳಬೇಕು ಅನ್ನೋದು ಅವರ ಸಂಪ್ರದಾಯ.

ನಮಗೆ ಇದು ಅರ್ಥ ಆಗದ ಮಾತೇ? 'ಕಸ್ತೂರಿ ನಿವಾಸ' (1971) ಚಿತ್ರದ ಆ ಗೊಂಬೆಯ ಹಾಡಿಗೆ ಯಾರಾದರೂ ಕುಣಿದದ್ದುಂಟೇ? ಅದನ್ನೇ ನೆನೆದು ಕಟ್ಟಿದ್ದು 'ರಾಜಕುಮಾರ' (2017) ಚಿತ್ರದ ಗೊಂಬೆಯ ಹಾಡು. 2021ರ ಅಕ್ಟೋಬರ್ 29ರಂದು ಅಪ್ಪು 46ನೇ ವಯಸ್ಸಿಗೆ ಹೊರಟುಹೋದ ಮೇಲೆ ಆ ಹಾಡು ಬಂದರೆ ಕುಣಿಯೋ ಹುಡುಗರೂ ನಿಂತು ಮೊಬೈಲ್ ಲೈಟು ಎತ್ತಿ ಹಿಡೀತಾರೆ. ಮನೆ ಬಾಗಿಲಲ್ಲಿ ನಿಂತ ತಾಯಂದಿರು ಸೆರಗಿನಿಂದ ಕಣ್ಣು ಒರೆಸ್ಕೋತಾರೆ. ಈ ಹಾಡು ಹಾಕಿ, ಖಂಡಿತ ಹಾಕಿ. ಆದರೆ ಕುಣಿತದ ಸುತ್ತಿನ ನಡುವೆ ತುರುಕಬೇಡಿ. ಬೇರೆಯಾಗಿ, ಟ್ರ್ಯಾಕ್ಟರ್ ನಿಲ್ಲಿಸಿ, ಪೂರ್ತಿ ಹಾಕಿ. ಅದರ ಹಿಂದೆಯೇ ಡಂಕಣಕ ಶುರು ಮಾಡಿದರೆ ಅತ್ತವರಿಗೂ ಅವಮಾನ, ಕುಣಿಯೋರಿಗೂ ಮುಜುಗರ.

ತಾಯಂದಿರು ಅಂದ ಕೂಡಲೇ ನೆನಪಾಯ್ತು. ನಮ್ಮ ಮೆರವಣಿಗೆಯಲ್ಲಿ ಅರ್ಧ ಊರು ಬರೀ ನೋಡ್ತಾ ನಿಂತಿರ್ತದೆ, ಗಮನಿಸಿದ್ದೀರಾ? ಲಂಬಾಣಿ ಹೆಣ್ಣುಮಕ್ಕಳು ಹಬ್ಬದಲ್ಲಿ ಗುಂಡಗೆ ನಿಂತು ಎಷ್ಟು ಚೆಂದ ಕುಣೀತಾರೆ! ಕೋಲಾಟ ಬಲ್ಲ ಅಕ್ಕ-ತಂಗಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರಿಗೂ ಒಂದು ಸುತ್ತು ಇಡಿ. ವಿ. ಮನೋಹರ್ ಸಂಗೀತದ 'ಜನುಮದ ಜೋಡಿ' (1996) ಚಿತ್ರದ ಜಾನಪದ ಚಾಲಿನ ಹಾಡುಗಳಿಂದ ಶುರು ಮಾಡಿ, ಸೌಂಡು ಒಂದು ಮೆಟ್ಟಿಲು ಇಳಿಸಿ. ಆ ಸುತ್ತಿನಲ್ಲಿ ನೀವು ಗಂಡು ಹುಡುಗರು ಕೈಕಟ್ಟಿ ಹಿಂದೆ ನಿಲ್ಲಿ. ಸೀಟಿ ಹೊಡೀಬೇಡಿ! ಪರದೆ ಬಿದ್ದಾಗ ಅವರು ಮರ್ಯಾದೆಯಿಂದ ಮನೆ ಕಡೆ ಸರೀತಾರೆ, ಮತ್ತೆ ನಿಮ್ಮ ಸರದಿ. ಇನ್ನೊಂದು ಸುತ್ತು ನಮ್ಮ ಹಲಗಿಯವರಿಗೆ ಬಿಡಿ. ಪೀರಲ ಹಬ್ಬದಲ್ಲಿ ಹಲಗಿಗೆ ಹೆಜ್ಜೆ ಹಾಕಿ ಬೆಳೆದ ಕಾಲು ನಮ್ಮವು. ಕುಣಿಯೋರ ಪಾದ ನೋಡ್ತಾ ಹೊಡೆತ ಬದಲಾಯಿಸೋ ಹಲಗಿಯವನಿಗಿಂತ ದೊಡ್ಡ ಮೇಷ್ಟ್ರು ಮೈಕ್ ಸೆಟ್ಟಿನವನಿಗೆ ಎಲ್ಲಿ ಸಿಗ್ತಾನೆ?

ಕೊನೆಯ ಹಾಡಿನ ವಿಚಾರ. 1916ರ ಸುಮಾರಿಗೆ ಉರುಗ್ವೆ ದೇಶದ ಮೊಂಟೆವಿಡಿಯೋದಲ್ಲಿ ಗೆರಾರ್ದೊ ಮಾತೋಸ್ ರೊದ್ರೀಗೆಸ್ ಅನ್ನೋ ಕಾಲೇಜು ಹುಡುಗ 'ಲಾ ಕುಂಪಾರ್ಸಿತಾ' ಅಂತ ಒಂದು ರಾಗ ಕಟ್ಟಿದ. ಇವತ್ತಿಗೂ ಟ್ಯಾಂಗೋ ರಾತ್ರಿ ಮುಗಿಯೋದು ವಾಡಿಕೆಯಾಗಿ ಅದರಿಂದಲೇ. ಅದು ಶುರುವಾದ ಕೂಡಲೇ ಎಲ್ಲರಿಗೂ ಗೊತ್ತು: ಇನ್ನು ಮನೆಗೆ. "ಒನ್ಸ್ ಮೋರ್" ಅಂತ ಗಲಾಟೆ ಇಲ್ಲ. ನಮ್ಮಲ್ಲೂ ಪ್ರತಿ ಊರು ಹೀಗೆ ಒಂದು ಹಾಡು ಗೊತ್ತು ಮಾಡಿಕೊಂಡರೆ ಎಷ್ಟು ಚೆನ್ನ! ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳ್ತದೆ. ಹಾಗಾಗಿ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಆ ಹಾಡು ಹಾಕಿ. ಪೊಲೀಸಪ್ಪ ಬಂದು ವೈರು ಕಿತ್ತರೆ ಅದು ಸೋಲು. ನಿಮ್ಮ ಹಾಡು ನೀವೇ ಮುಗಿಸಿದರೆ ಮುಂದಿನ ವರ್ಷದ ಪರವಾನಗಿಗೆ ಹೋದಾಗ ತಲೆ ಎತ್ತಿ ಮಾತಾಡಬಹುದು.

ಯಾವ ಹಾಡು ಇಡಬೇಕು ಅಂತ ನಾನು ಹೇಳೋದಿಲ್ಲ. ಬಂಡ್ರಿಗೆ ಬೇರೆ, ಕಂಪ್ಲಿಗೆ ಬೇರೆ, ಹೊಸಪೇಟೆಗೆ ಬೇರೆ ಇರಲಿ. ಎಲ್ಲಾ ಗುಂಪಿನವರೂ ಅರಳಿಕಟ್ಟೆ ಮೇಲೆ ಕೂತು, ಟೀ ಕುಡೀತಾ, ಜಗಳ ಆಡಬೇಕಾದರೆ ಅಲ್ಲೇ ಆಡಿ ಮುಗಿಸಿ, ಒಂದು ಹಾಡು ಗೊತ್ತು ಮಾಡಿ. ಗೊತ್ತು ಮಾಡಿದ ಮೇಲೆ ನನಗೊಂದು ಕಾರ್ಡು ಹಾಕಿ.

ಮುಂದಿನ ವಾರ ಭೇಟಿ. ಅಲ್ಲಿಯವರೆಗೆ, ಹಾಡನ್ನು ಅರ್ಧಕ್ಕೆ ಕಡೀಬೇಡಿ!