ಪೆಟ್ರೋಲ್ ಏರಿತೇ? ಮೊದಲು ಲೆಕ್ಕ ಹಾಕಿ

ಪೆಟ್ರೋಲ್ ರೇಟು ಏರಿತೆಂದರೆ ಮನೆಯಲ್ಲಿ ಎಲ್ಲರ ಕಣ್ಣೂ ನಿಮ್ಮ ಸ್ಕೂಟರ್ ಮೇಲೆ, ಅಲ್ಲವೇ? ಆದರೆ ಲೆಕ್ಕ ಹಾಕಿ ನೋಡಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಹೆಚ್ಚಿಸಿದಾಗ ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ ಏರಿತು. ತಿಂಗಳಿಗೆ 7 ಲೀಟರ್ ಹಾಕಿಸುವವರಿಗೆ ಹೆಚ್ಚಾದದ್ದು 21 ರೂಪಾಯಿ ಅಷ್ಟೆ!

ನಿಜವಾದ ಹೊರೆ ಬರುವುದು ಹಿಂಬಾಗಿಲಿನಿಂದ. ಡೀಸೆಲ್ ಏರಿದರೆ ತರಕಾರಿ ಲಾರಿ, ಸ್ಕೂಲ್ ವ್ಯಾನ್ ಎಲ್ಲಕ್ಕೂ ಬಿಸಿ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೋ ಮೀಟರ್ ದರವೂ ಏರಿತು. 5 ಕಿ.ಮೀ.ಗೆ 75 ರೂಪಾಯಿ ಇದ್ದದ್ದು 90 ಆಯಿತು. ತಿಂಗಳಿಗೆ ಎಂಟು ಸಲ ಹತ್ತಿದರೆ 120 ರೂಪಾಯಿ ಹೆಚ್ಚು!

ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ‘ಓಡಾಟ’ ಅಂತ ಒಂದು ಕಾಲಂ ಮಾಡಿ. ಪೆಟ್ರೋಲ್, ಆಟೋ, ವ್ಯಾನ್ ಖರ್ಚೆಲ್ಲ ಅದರಲ್ಲೇ ಬರೆಯಿರಿ. ದುಡ್ಡು ಎಲ್ಲಿ ಸೋರುತ್ತಿದೆ ಅಂತ ತಿಂಗಳ ಕೊನೆಗೆ ತಾನೇ ಗೊತ್ತಾಗುತ್ತದೆ.

ಬೊಮ್ಮನಹಳ್ಳಿಯವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಇದೆ. ಶಕ್ತಿ ಯೋಜನೆಯಡಿ ಬಿಎಂಟಿಸಿಯ ಸಾಮಾನ್ಯ ಬಸ್ಸೂ ನಿಮಗೆ ಉಚಿತ. ವಾರಕ್ಕೆರಡು ಆಟೋ ತಪ್ಪಿಸಿದರೂ ಉಳಿತಾಯವೇ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಾಯುವಾಗ ಎಂಜಿನ್ ಆಫ್ ಮಾಡಿ.

ಖರ್ಚು ಹೆಚ್ಚಾಯಿತೆಂದು ನಿಮ್ಮ ಪಾಲಿನ ಹಾಲು, ಹಣ್ಣಿಗೆ ಮಾತ್ರ ಕತ್ತರಿ ಹಾಕಬೇಡಿ. ಪುಸ್ತಕ ಮನೆಯವರ ಮುಂದಿಡಿ. ಕಡಿತ ಎಲ್ಲರೂ ಸೇರಿ ಮಾಡಲಿ.