ಕಪ್ಪೆ ಸಿಕ್ಕ ಕಲ್ಲು, ಮಳೆಯಲ್ಲಿ ಕೊಟ್ಟ ಬಹುಮಾನ

ತೋವಿನಕೆರೆಯಲ್ಲಿ ಗಾಲ್ಫ್ ಮೈದಾನವಿಲ್ಲ. ಸಿದ್ಧರಬೆಟ್ಟದ ಕಡೆ ಮುಖ ಮಾಡಿದ ಕಣಗಳಿವೆ, ಹುಣಸೆ ಮರಗಳಿವೆ, ಹುಡುಗರು ವಾಲಿಬಾಲ್ ಆಡುವ ಬಯಲಿದೆ. ಆದರೂ ಹಳೆಯ ಗಾಲ್ಫ್ ಆಟಗಾರರ ಕತೆಗಳನ್ನು ನಾನು ಮೊದಲು ಕೇಳಿದ್ದು ಇಲ್ಲಿಯೇ, ಟೀ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ. ಹೇಳುತ್ತಿದ್ದವರು ಬೆಂಗಳೂರಿನಲ್ಲಿ ಮೂವತ್ತು ವರ್ಷ ಕ್ಯಾಡಿಯಾಗಿದ್ದು, ಮಂಡಿ ನೋವು ಬಂದ ಮೇಲೆ ಊರಿಗೆ ಮರಳಿದ ಹಿರಿಯರು. ಆಡುವವರ ಕೋಲುಗಳ ಚೀಲ ಹೊತ್ತು, ಚೆಂಡು ಬಿದ್ದ ಜಾಗ ಹುಡುಕಿ, ಇಷ್ಟು ದೂರಕ್ಕೆ ಇಂಥ ಕೋಲು ಎಂದು ಎತ್ತಿಕೊಡುವುದು ಕ್ಯಾಡಿಯ ಕೆಲಸ. ಒಂದು ಸುತ್ತಿಗೆ ಏಳೆಂಟು ಕಿಲೋಮೀಟರ್ ನಡಿಗೆ.

ಅವರಿಗೆ ತುಂಬ ಇಷ್ಟವಾದ ಕತೆ ಒಬ್ಬ ಹಳೇ ಆಟಗಾರನದು. ಚೆಂಡು ಮರದ ಬುಡಕ್ಕೆ ಹೋಗಿ ಕೂತಿದೆ. ಆತ ಮಂಡಿಯೂರಿ ಬಾರಿಸಿದ. ಚೆಂಡು ಎರಡು ಕೊಂಬೆಗಳ ಕವಲಲ್ಲಿ ತೂರಿ ನೇರ ಕುಳಿಗೆ ಬಿತ್ತು, ಯಾರೋ ಕೈಯಲ್ಲಿ ಹಿಡಿದು ಹಾಕಿದ ಹಾಗೆ. ನಾನು ಮೊದಲ ಸಲ ಕೇಳಿದಾಗ ಅದು ಹೊಂಗೆಮರ. ಎರಡು ವರ್ಷದಲ್ಲಿ ಅದು ಆಲದ ಮರವಾಯಿತು. ಹುಡುಗರು ಟೀ ಆರಿಸಿಕೊಂಡು ಕೇಳುತ್ತಿದ್ದರು. "ಅವನ ಕೈಯಾಗೆ ದೇವ್ರಿದ್ದ ಕಣ್ರಪ್ಪ" ಎಂದು ಅವರು ಕತೆ ಮುಗಿಸುತ್ತಿದ್ದರು.

ನನ್ನನ್ನು ಬಹಳ ದಿನ ಕಾಡಿದ್ದು ಆ ಕೊನೆಯ ಮಾತು. ಇಂಥ ಕತೆ ಆಟಗಾರನಿಗೆ ಏನು ಮಾಡುತ್ತದೆ? ಅವನನ್ನು ಉಳಿಸುತ್ತದೆಯೋ, ಅಥವಾ ಅವನ ಜಾಗದಲ್ಲಿ ಬೇರೆ ಯಾರನ್ನೋ ತಂದು ನಿಲ್ಲಿಸುತ್ತದೆಯೋ? ಎರಡನ್ನೂ ಮಾಡುತ್ತದೆ ಎಂಬುದು ನನಗೆ ಈಗ ಹೊಳೆದಿರುವುದು. ಹೆಸರನ್ನು ಉಳಿಸುತ್ತದೆ, ದುಡಿಮೆಯನ್ನು ನುಂಗಿಹಾಕುತ್ತದೆ.

ಇದು ಗಾಲ್ಫ್ ಒಂದರ ಪಾಡಲ್ಲ. ನಮ್ಮ ತುಮಕೂರು ಸೀಮೆಯ ಅತಿ ದೊಡ್ಡ ಐತಿಹ್ಯವನ್ನೇ ನೋಡಿ. ಗೂಳೂರಿನ ಬಳಿಯ ಕೈದಾಳ ಜಕಣಾಚಾರಿಯ ಊರು. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಎಳೆಯ ಶಿಲ್ಪಿಯೊಬ್ಬ ಹೇಳಿದ, ಪರೀಕ್ಷೆಗೆ ಬಳಿದ ಗಂಧ ಎಲ್ಲ ಕಡೆ ಒಣಗಿ ಒಂದು ಕಡೆ ಮಾತ್ರ ಹಸಿಯಾಗಿ ಉಳಿಯಿತು, ಅಲ್ಲಿ ಒಡೆದರೆ ನೀರಿನ ಜೊತೆ ಕಪ್ಪೆ ಹೊರಬಂತು. ದೋಷವಿದ್ದರೆ ಕೈ ಕಡಿದುಕೊಳ್ಳುವೆ ಎಂದಿದ್ದ ಜಕಣಾಚಾರಿ ಮಾತಿಗೆ ತಪ್ಪದೆ ತನ್ನ ಬಲಗೈ ಕಡಿದುಕೊಂಡ. ಆ ಹುಡುಗ ಅವನ ಮಗನೇ, ಡಂಕಣ. ಮುಂದೆ ಕೈದಾಳದಲ್ಲಿ ಚೆನ್ನಕೇಶವನನ್ನು ಕಟೆದ ಮೇಲೆ ಕೈ ಮರಳಿ ಬಂತು, ಊರಿಗೆ ಆ ಹೆಸರೂ ಬಂತು. ಈ ಕತೆ ಗೊತ್ತಿಲ್ಲದ ಮಗು ನಮ್ಮ ಜಿಲ್ಲೆಯಲ್ಲಿ ಇರಲಾರದು. ಜಕಣಾಚಾರಿ ನಿಜಕ್ಕೂ ಇದ್ದನೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಆದರೆ ಬಳ್ಳಿಗಾವೆಯ ದಾಸೋಜ ಇದ್ದ, ಅವನ ಮಗ ಚಾವಣ ಇದ್ದ. ಬೇಲೂರಿನ ಮದನಿಕೆಯರ ಅಡಿಯಲ್ಲಿ ಅವರೇ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಸಹಿ ಮೂರ್ತಿಯಿಂದ ಮೂರ್ತಿಗೆ ಕಾಣಸಿಗುತ್ತದೆ. ಇವರು ಉಳಿ ಹಿಡಿದು ಕಣ್ಣು ಮಂಜಾಗುವ ತನಕ ಕೂತ ಮನುಷ್ಯರು. ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು? ಕಲ್ಲಿನಿಂದ ಜಿಗಿದ ಕಪ್ಪೆ ಎಲ್ಲರಿಗೂ ಗೊತ್ತು. ನನಗೆ ಇದು ಸಂಕಟದ ವಿಷಯ.

ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜನ್ ಕತೆಯಲ್ಲೂ ಇಂಥದೊಂದು ಕಪ್ಪೆಯಿದೆ. 1935ರ ಮಾಸ್ಟರ್ಸ್ ಪಂದ್ಯ, ಆಗಸ್ಟಾ ಮೈದಾನದ 15ನೇ ಹೋಲ್. ಸುಮಾರು 235 ಗಜ ದೂರದಿಂದ ಅವನು ಹೊಡೆದ ಎರಡನೆಯ ಹೊಡೆತವೇ ಕುಳಿಗೆ ಬಿತ್ತು; ಐದು ಹೊಡೆತ ಬೇಕಾದಲ್ಲಿ ಎರಡರಲ್ಲಿ ಮುಗಿಯಿತು. ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು ಜನ. ಕಂಡೆವೆಂದು ಆಮೇಲೆ ಹೇಳಿಕೊಂಡವರಿಗೆ ಲೆಕ್ಕವಿಲ್ಲ. ಆ ಹೊಡೆತದಿಂದ ಅವನು ಗೆದ್ದಿರಲಿಲ್ಲ, ಕ್ರೇಗ್ ವುಡ್ ಜೊತೆ ಸಮ ಮಾಡಿಕೊಂಡಿದ್ದ ಅಷ್ಟೆ. ಮರುದಿನ 36 ಹೋಲ್ ಆಡಿ ಗೆದ್ದ. ಆ ಮರುದಿನದ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಬಡಗಿಯ ಮಗ, ಎಂಟನೇ ವಯಸ್ಸಿಗೇ ಕ್ಯಾಡಿಯಾದವನು, ಮರಳಿನಿಂದ ಚೆಂಡು ಎತ್ತುವುದು ಬಗೆಹರಿಯಲಿಲ್ಲವೆಂದು ಕೋಲಿನ ತಳಕ್ಕೆ ತಾನೇ ಲೋಹ ಬೆಸೆದು, ಮತ್ತೆ ಮತ್ತೆ ಹೊಡೆದು ನೋಡಿ ಸ್ಯಾಂಡ್ ವೆಜ್ ಎಂಬ ಹೊಸ ಕೋಲನ್ನೇ ಹದಕ್ಕೆ ತಂದವನು ಎಂಬುದೂ ಬರುವುದಿಲ್ಲ. ನನ್ನನ್ನು ಕೇಳಿದರೆ ಆ ಬೆಸುಗೆಯ ಮುಂದೆ 235 ಗಜದ ಹೊಡೆತ ಸಣ್ಣದು.

ದುಡಿಮೆಗೇ ಹೆಸರಾದ ಆಟಗಾರರ ಕತೆಗಳೂ ಇವೆಯಲ್ಲ ಎಂದು ಕೇಳಬಹುದು. ಬೆನ್ ಹೋಗನ್ ಹಾಗಿದ್ದ. 1949ರ ಫೆಬ್ರವರಿಯಲ್ಲಿ ಎದುರಿನಿಂದ ಬಂದ ಬಸ್ಸು ಅವನ ಕಾರಿಗೆ ಗುದ್ದಿ ಸೊಂಟ, ಕಾಲು ಮುರಿಯಿತು. ಮತ್ತೆ ನಡೆಯುವುದೇ ಅನುಮಾನ ಅಂದರು. ಮರುವರ್ಷ ಬ್ಯಾಂಡೇಜು ಸುತ್ತಿದ ಕಾಲಿನಲ್ಲೇ ಯು.ಎಸ್. ಓಪನ್ ಗೆದ್ದ. ಅಭ್ಯಾಸದಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಜನ ಕೊನೆಗೆ ಕೇಳಿದ್ದೇನು? ನಿನ್ನ ಗುಟ್ಟು ಹೇಳು ಅಂತ. 1955ರಲ್ಲಿ 'ಲೈಫ್' ಪತ್ರಿಕೆ ಹಣ ಕೊಟ್ಟು ಆ ಗುಟ್ಟನ್ನು ಅವನಿಂದಲೇ ಹೇಳಿಸಿ ಅಚ್ಚು ಹಾಕಿತು. ಎದುರಿಗೆ ಮುಂಜಾನೆಯಿಂದ ಸಂಜೆಯವರೆಗೆ ಚೆಂಡು ಹೊಡೆಯುವ ಮನುಷ್ಯನಿದ್ದರೂ ಮಂತ್ರ ಯಾವುದು ಎಂದು ಹುಡುಕುವುದು ನಮ್ಮ ಸ್ವಭಾವ. ಮಂತ್ರವಿದೆ ಎಂದು ನಂಬಿದರೆ ನಾವು ಬೆವರು ಸುರಿಸಬೇಕಿಲ್ಲ.

ಈ ಮಾತಿಗೆ ಇನ್ನೂ ಕಠಿಣವಾದ ಪರೀಕ್ಷೆ ದಕ್ಷಿಣ ಆಫ್ರಿಕದ ಪಾಪ್ವಾ ಸೆವ್ಗೋಲಮ್ ಅವರದು. ಕಬ್ಬಿನ ತೋಟಗಳಿಗೆಂದು ಭಾರತದಿಂದ ಹಡಗು ಹತ್ತಿದ ಕೂಲಿಯಾಳುಗಳ ಸಂತತಿ. ಡರ್ಬನ್‌ನಲ್ಲಿ ಕ್ಯಾಡಿ. ಓದು ಬರಹ ಬಾರದು. ಬಲಗೈ ಆಟಗಾರರೆಲ್ಲ ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿದರೆ ಅವರು ತಿರುವುಮುರುವಾಗಿ ಹಿಡಿಯುತ್ತಿದ್ದರು. ಹಾಗೆ ಹಿಡಿದೇ 1959, 1960, 1964ರಲ್ಲಿ ಡಚ್ ಓಪನ್ ಗೆದ್ದರು. 1963ರಲ್ಲಿ ಡರ್ಬನ್‌ನಲ್ಲಿ ನಡೆದ ನಟಾಲ್ ಓಪನ್ ಕೂಡ ಅವರದಾಯಿತು. ವರ್ಣಭೇದದ ಕಾನೂನು, ಬಿಳಿಯರ ಕ್ಲಬ್ಬಿನೊಳಗೆ ಕಾಲಿಡುವಂತಿಲ್ಲ. ಹೊರಗೆ ಬಹುಮಾನ ಕೊಟ್ಟರು, ಮಳೆ ಸುರಿಯುತ್ತಿತ್ತು. ಆ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು.

ಆ ಮಳೆಯ ವಿಚಾರದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿಳಿಯರು ಒಳಗೆ ಬೆಚ್ಚಗೆ ಕೂತು ಕಿಟಕಿಯಿಂದ ನೋಡಿದರು ಎನ್ನುವವರಿದ್ದಾರೆ. ಸಮಾರಂಭ ಮೊದಲೇ ಹೊರಗೆ ಗೊತ್ತಾಗಿತ್ತು, ಮಳೆ ಹಠಾತ್ತನೆ ಬಂತು ಎನ್ನುವವರೂ ಇದ್ದಾರೆ. ಇಲ್ಲಿ ಐತಿಹ್ಯವನ್ನು ಕೆದಕಿದರೆ ಅನ್ಯಾಯಕ್ಕೆ ಒಳಗಾದವರಿಗೇ ದ್ರೋಹವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ನಾನು ಒಪ್ಪುವುದಿಲ್ಲ. ಕಿಟಕಿಯ ಹಿಂದೆ ಯಾರು ಕೂತಿದ್ದರು ಎಂಬುದರ ಮೇಲೆ ಆ ಅನ್ಯಾಯ ನಿಂತಿಲ್ಲ. ಸಮಾರಂಭವನ್ನು ಹೊರಗೆ ಇಡಬೇಕಾಗಿ ಬಂದದ್ದೇ ಅವರಿಗಾಗಿ ಬಾಗಿಲು ತೆರೆಯದ ಕಾನೂನಿನಿಂದ. ಬಿಸಿಲು ಕಾದಿದ್ದರೂ ಅದು ಅನ್ಯಾಯವೇ. ನಿಜವನ್ನು ಶೋಧಿಸಿದಷ್ಟೂ ಅನ್ಯಾಯ ಗಟ್ಟಿಯಾಗಿ ಕಾಣುತ್ತದೆ. ಕತೆಯನ್ನು ಮಳೆಯ ಮೇಲೆ ನಿಲ್ಲಿಸಿದರೆ ಮಳೆಯ ಸಾಕ್ಷಿ ಬಿದ್ದ ದಿನ ಎಲ್ಲವೂ ಬಿದ್ದುಹೋಗುತ್ತದೆ.

ಇನ್ನೊಂದು ನಷ್ಟವೂ ಇದೆ. ಆ ಒಂದು ಚಿತ್ರದಲ್ಲಿ ಸೆವ್ಗೋಲಮ್ ಮಳೆಯಲ್ಲಿ ನೆನೆಯುವ ಪಾಪದ ಮನುಷ್ಯನಾಗಿ ಉಳಿದುಬಿಡುತ್ತಾರೆ. ಅವರು ಪಾಪದವರಲ್ಲ, ಗೆದ್ದವರು. 1965ರ ನಟಾಲ್ ಓಪನ್‌ನಲ್ಲಿ ಗ್ಯಾರಿ ಪ್ಲೇಯರ್ ಅವರನ್ನೇ ಹಿಂದಿಕ್ಕಿದರು. ಅದೇ ಪ್ಲೇಯರ್ ಆ ವರ್ಷವೇ ಯು.ಎಸ್. ಓಪನ್ ಗೆದ್ದದ್ದು. ಆಮೇಲೆ ಸರ್ಕಾರ ಸೆವ್ಗೋಲಮ್ ಅವರನ್ನು ಪಂದ್ಯಗಳಿಂದ ದೂರವಿಟ್ಟಿತು, ಪಾಸ್‌ಪೋರ್ಟ್ ಕಿತ್ತುಕೊಂಡಿತು. 1978ರಲ್ಲಿ ಬಡತನದಲ್ಲೇ ತೀರಿಕೊಂಡರು. ಆ ತಿರುವುಮುರುವು ಹಿಡಿತವನ್ನು ದೇವರು ಕೊಟ್ಟದ್ದು ಅನ್ನುವವರುಂಟು. ಹೇಳಿಕೊಡುವವರು ಬಳಿ ಬಾರದಿದ್ದಾಗ ಹುಡುಗ ತನಗೆ ತೋಚಿದ ಹಾಗೆ ಹಿಡಿದು, ಅದನ್ನೇ ವರ್ಷಗಟ್ಟಲೆ ತಿದ್ದಿದ್ದು ಎನ್ನುವುದು ನನಗೆ ಹೆಚ್ಚು ಗೌರವದ ಮಾತು.

ಅಂಕಿಯನ್ನು ಯಾರೂ ನೆನಪಿಡುವುದಿಲ್ಲ, ಕತೆಯೇ ಬೇಕು ಎಂಬ ಮಾತಿನಲ್ಲಿ ಹುರುಳಿದೆ. ಹೊಂಗೆಮರದ ಕತೆ ಇಲ್ಲದಿದ್ದರೆ ನಮ್ಮೂರ ಹುಡುಗರಿಗೆ ಗಾಲ್ಫ್ ಎಂಬ ಆಟವೇ ಗೊತ್ತಾಗುತ್ತಿರಲಿಲ್ಲ. ಆದರೆ ಬೆರಗು ಹುಡುಗನನ್ನು ಬೆಂಚಿನ ತನಕ ಕರೆತರುತ್ತದೆ, ಅಲ್ಲೇ ಕೂರಿಸಿಬಿಡುತ್ತದೆ. ಕೈಯಲ್ಲಿ ದೇವರಿದ್ದರೆ ಸರಿ, ಇಲ್ಲದವನು ಏನು ಮಾಡಬೇಕು? 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಅದೇ ಪಂದ್ಯ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಚೀಲ ಹೊತ್ತೇ ಆಟ ಕಲಿತವರು. ಇವರ ಗೆಲುವನ್ನು ಅದೃಷ್ಟ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅವರು ಚೀಲ ಹೊತ್ತು ನಡೆದು ಕಲಿತದ್ದೆಲ್ಲ ಎಲ್ಲಿ ಹೋಯಿತು?

ಹೋದ ಸುಗ್ಗಿಯಲ್ಲಿ ಆ ಹಿರಿಯರ ಕಣದಲ್ಲಿ ನಾನೂ ಇದ್ದೆ. ರಾಗಿ ತೂರಲು ಮೊರ ಎತ್ತುವ ಮೊದಲು ಒಂದು ಚಿಟಿಕೆ ಹೊಟ್ಟನ್ನು ಎದೆಮಟ್ಟದಿಂದ ಬಿಟ್ಟು, ಅದು ಎತ್ತ ಜಾರಿತೆಂದು ನೋಡಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ಮೈದಾನದಲ್ಲಿ ಹುಲ್ಲು ಕಿತ್ತು ಬಿಟ್ಟು ಗಾಳಿ ನೋಡುವುದೂ ಹೀಗೇ ಅಲ್ಲವೇ ಅಂದೆ. "ಅಲ್ ಕಲಿತಿದ್ದಲ್ಲ ಸೋಮಿ, ಇಲ್ಲಿಂದ ತಗೊಂಡೋಗಿದ್ದು" ಅಂದರು. ಆಗ ಕೇಳಿದೆ: "ಅಣ್ಣಾ, ಆ ಮರದ ಕವಲಲ್ಲಿ ಹೊಡೆದವನು ಹಂಗೆ ಹೊಡೆಯೋದು ಎಲ್ಲಿ ಕಲಿತ?"

ಅವರು ಮೊರ ಕೆಳಗಿಟ್ಟರು. ಆ ಆಟಗಾರನೂ ಮೊದಲು ತಮ್ಮ ಜೊತೆಗೆ ಚೀಲ ಹೊರುತ್ತಿದ್ದವನು. ಮೇಂಬರುಗಳು ಎಸೆದ ಮುರುಕು ಕೋಲಿಗೆ ಬಿದಿರು ಕಟ್ಟಿಕೊಂಡಿದ್ದ. ಮೈದಾನದ ಬೇಲಿಯಾಚೆ ಖಾಲಿ ಸೈಟಿನಲ್ಲಿ ಡಾಲ್ಡಾ ಡಬ್ಬ ಹೂತಿದ್ದರು, ಅದೇ ಅವರ ಕುಳಿ. ಸೈಟಿನ ನಡುವೆ ಹೊಂಗೆಮರವೊಂದಿತ್ತು. ಆಡಬೇಕಾದರೆ ಅದನ್ನು ದಾಟಿಸಲೇಬೇಕು. ಸಂಜೆ ಬೆಳಕಿರುವ ತನಕ ದಿನಾ ಆ ಕವಲಿಗೇ ಹೊಡೆಯುತ್ತಿದ್ದ. "ಎಷ್ಟು ಸಲ ತಪ್ಪಿದ್ದಾನೋ, ಚೆಂಡು ತರಕ್ಕೆ ಓಡಿದ್ದು ನಾನೇ" ಅಂದರು. ಇಷ್ಟು ವರ್ಷದಲ್ಲಿ ಈ ಭಾಗವನ್ನು ಅವರು ಬೆಂಚಿನ ಮೇಲೆ ಒಮ್ಮೆಯೂ ಹೇಳಿರಲಿಲ್ಲ. ಯಾಕೆ ಅಂದರೆ, ಯಾರೂ ಕೇಳಲಿಲ್ಲ ಅಂದರು. ಗಾಳಿ ತಿರುಗಿತ್ತು. ಇನ್ನೊಂದು ಚಿಟಿಕೆ ಹೊಟ್ಟು ಎತ್ತಿ ಬಿಟ್ಟು, ಬೆಟ್ಟದ ಕಡೆ ಬೆನ್ನು ಮಾಡಿ ನಿಂತರು.