ಸತ್ತ ನಾಯಕ ಮರಳಿ ಬರುವ ಡಿಸೆಂಬರ್

ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ದಾದಿಯರ ಕೊಠಡಿಯಲ್ಲಿ ರಾತ್ರಿಪಾಳಿಯವರ ಹೆಸರು ಬರೆಯುವ ಬಿಳಿ ಹಲಗೆಯೊಂದಿದೆ. ಅದರ ಬಲಮೂಲೆಯಲ್ಲಿ ಕೆಲವು ತಿಂಗಳಿಂದ ಯಾರೋ ಒಂದು ಸಂಖ್ಯೆಯನ್ನು ಬರೆದಿಡುತ್ತಿದ್ದಾರೆ. ದಿನವೂ ಅದು ಒಂದೊಂದೇ ಕಡಿಮೆಯಾಗುತ್ತ ಬರುತ್ತಿದೆ. ಯಾರದೋ ಹೆರಿಗೆಯ ದಿನವಿರಬೇಕೆಂದು ಮೊದಲು ಭಾವಿಸಿದ್ದೆ. ವಿಚಾರಿಸಿದಾಗ ತಿಳಿಯಿತು, ಅದು 2026ರ ಡಿಸೆಂಬರ್ 18ರ ಎಣಿಕೆ. ಅಂದು ‘ಅವೆಂಜರ್ಸ್: ಡೂಮ್ಸ್‌ಡೇ’ ತೆರೆಕಾಣಲಿದೆ. ಐವತ್ತು ದಾಟಿದ ದಾದಿಯರೂ ಆ ಎಣಿಕೆಯಲ್ಲಿ ಪಾಲುಗೊಂಡಿರುವುದನ್ನು ಕಂಡು ನನಗೆ ಕುತೂಹಲ ಹುಟ್ಟಿತು.

ಊರಿನಲ್ಲಿರುವ ನನ್ನ ಬಂಧುಗಳಲ್ಲಿ ಹಲವರಿಗೆ ಈ ಕಥೆಯ ಪೂರ್ವಾಪರ ಗೊತ್ತಿರಲಾರದು. ಮಾರ್ವೆಲ್ ಸಂಸ್ಥೆಯ ಸೂಪರ್‌ಹೀರೋ ಚಿತ್ರಗಳು 2008ರಲ್ಲಿ ‘ಐರನ್ ಮ್ಯಾನ್’ನಿಂದ ಆರಂಭವಾಗಿ, ಒಂದರ ಕಥೆ ಇನ್ನೊಂದಕ್ಕೆ ಕೊಂಡಿಯಾಗುತ್ತ ಹನ್ನೊಂದು ವರ್ಷ ನಡೆದವು. 2019ರ ಏಪ್ರಿಲ್‌ನಲ್ಲಿ ಬಂದ ‘ಎಂಡ್‌ಗೇಮ್’ ಅವುಗಳಿಗೆಲ್ಲ ಮಂಗಳಾರತಿ ಎತ್ತಿದಂತಿತ್ತು. ಅದರಲ್ಲಿ ಐರನ್ ಮ್ಯಾನ್ ಎಂಬ ಟೋನಿ ಸ್ಟಾರ್ಕ್ ಲೋಕವನ್ನು ಉಳಿಸಿ ಪ್ರಾಣಬಿಡುತ್ತಾನೆ. ಚಿತ್ರ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ಭಾರತದಲ್ಲಿಯೂ ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತಾಡಿತು; ಕನ್ನಡದಲ್ಲಿ ಮಾತಾಡಲಿಲ್ಲ, ಡಬ್ಬಿಂಗ್ ಕುರಿತ ನಮ್ಮ ಹಳೆಯ ಜಗಳ ಆಗಿನ್ನೂ ಪೂರ್ತಿ ತಣಿದಿರಲಿಲ್ಲ.

ಈ ಚಿತ್ರಗಳ ವಿಷಯದಲ್ಲಿ ನಮ್ಮ ನಗರಕ್ಕೆ ಸ್ವಲ್ಪ ಜಂಭವಿದೆ. ‘ಎಂಡ್‌ಗೇಮ್’ ನಿರ್ದೇಶಿಸಿದ, ಈಗ ‘ಡೂಮ್ಸ್‌ಡೇ’ಗೂ ಮರಳಿರುವ ಆಂಥೊನಿ ಮತ್ತು ಜೋ ರುಸ್ಸೊ ಸಹೋದರರು ಹುಟ್ಟಿದ್ದು ಇಲ್ಲಿಯೇ. ಮೊದಲ ‘ಅವೆಂಜರ್ಸ್’ನಲ್ಲಿ ನ್ಯೂಯಾರ್ಕಿನ ಯುದ್ಧವೆಂದು ತೋರಿಸಿದ ದೃಶ್ಯಗಳಲ್ಲಿ ಕೆಲವನ್ನು 2011ರಲ್ಲಿ ನಮ್ಮ ಈಸ್ಟ್ ನೈಂತ್ ಬೀದಿಯಲ್ಲಿ ಚಿತ್ರೀಕರಿಸಿದರು. 2013ರ ಬೇಸಿಗೆಯಲ್ಲಿ ರುಸ್ಸೊ ಸಹೋದರರು ‘ವಿಂಟರ್ ಸೋಲ್ಜರ್’ಗಾಗಿ ಸರೋವರದಂಚಿನ ಹೆದ್ದಾರಿಯನ್ನೇ ಮುಚ್ಚಿಸಿದಾಗ ನಾನು ಸುತ್ತುಬಳಸಿ ಆಸ್ಪತ್ರೆ ಸೇರುತ್ತ ಅವರನ್ನು ಶಪಿಸಿದ್ದುಂಟು. ಆಗ ಶಾಲೆಯಲ್ಲಿದ್ದ ನನ್ನ ಮಗನಿಗೆ ಮಾತ್ರ ಅದು ಜಾತ್ರೆ.

ಡೂಮ್ಸ್‌ಡೇ ಮೊದಲಿಗೆ ಡೂಮ್ಸ್‌ಡೇ ಆಗಿರಲೇ ಇಲ್ಲ. 2022ರಲ್ಲಿ ಪ್ರಕಟವಾದಾಗ ಅದರ ಹೆಸರು ‘ದ ಕ್ಯಾಂಗ್ ಡೈನಸ್ಟಿ’. ಕ್ಯಾಂಗ್ ಎಂಬ ಖಳನ ಪಾತ್ರಧಾರಿ 2023ರ ಡಿಸೆಂಬರ್‌ನಲ್ಲಿ ಹಲ್ಲೆ ಪ್ರಕರಣದಲ್ಲಿ ದೋಷಿಯಾದಾಗ ಸಂಸ್ಥೆ ಅವನನ್ನು ಕೈಬಿಟ್ಟಿತು. 2024ರ ಜುಲೈನಲ್ಲಿ ಸ್ಯಾನ್ ಡಿಯಾಗೊ ಕಾಮಿಕ್-ಕಾನ್ ವೇದಿಕೆಯ ಮೇಲೆ ಹಸಿರು ನಿಲುವಂಗಿಯ ಒಂದು ಆಕೃತಿ ಮುಖವಾಡ ಕಳಚಿತು. ಒಳಗಿದ್ದವರು ರಾಬರ್ಟ್ ಡೌನಿ ಜೂನಿಯರ್, ಅಂದರೆ ಸತ್ತ ಟೋನಿ ಸ್ಟಾರ್ಕ್‌ನ ಮುಖ. ಆದರೆ ಈ ಬಾರಿ ಅವರು ನಾಯಕರಲ್ಲ, ಡಾಕ್ಟರ್ ಡೂಮ್ ಎಂಬ ಖಳನಾಯಕ. 2025ರ ಮಾರ್ಚ್‌ನಲ್ಲಿ ಸಂಸ್ಥೆ ಐದು ಗಂಟೆಗೂ ಮೀರಿ ಬರೀ ಕುರ್ಚಿಗಳನ್ನು ನೇರಪ್ರಸಾರ ಮಾಡಿತು. ಒಂದೊಂದು ಕುರ್ಚಿಯ ಹಿಂಬದಿಯಲ್ಲಿ ಒಬ್ಬೊಬ್ಬ ನಟರ ಹೆಸರು, ಒಟ್ಟು 27. ಲಕ್ಷಾಂತರ ಜನ ಕಣ್ಣು ಕೀಲಿಸಿ ಕುಳಿತು ಖಾಲಿ ಕುರ್ಚಿಗಳನ್ನು ನೋಡಿದರು. ನನ್ನ ಮಗನೂ ನೋಡಿದ, ಕಚೇರಿಯ ಕೆಲಸದ ನಡುವೆ.

ಆ ಹೆಸರುಗಳಲ್ಲಿ ನನ್ನ ಗಮನ ಸೆಳೆದದ್ದು ಸತ್ತವರ ಸಂಖ್ಯೆ. ಪ್ರೊಫೆಸರ್ ಎಕ್ಸ್ ಪಾತ್ರದ ಪ್ಯಾಟ್ರಿಕ್ ಸ್ಟೀವರ್ಟ್ ತೆರೆಯ ಮೇಲೆ ಒಂದಕ್ಕಿಂತ ಹೆಚ್ಚು ಸಲ ಸತ್ತಿದ್ದಾರೆ. ಲೋಕಿಯ ಕುತ್ತಿಗೆಯನ್ನು 2018ರಲ್ಲಿಯೇ ಮುರಿಯಲಾಗಿತ್ತು. ಮುದುಕನಾಗಿ ಬೆಂಚಿನ ಮೇಲೆ ಕುಳಿತು ನಮ್ಮನ್ನು ಬೀಳ್ಕೊಟ್ಟಿದ್ದ ಕ್ಯಾಪ್ಟನ್ ಅಮೆರಿಕ ಸ್ಟೀವ್ ರೋಜರ್ಸ್ ಕುರ್ಚಿಯ ಪಟ್ಟಿಯಲ್ಲಿರಲಿಲ್ಲ. ಆದರೆ ಕಳೆದ ಡಿಸೆಂಬರಿನ ತುಣುಕಿನಲ್ಲಿ ಹಸುಗೂಸನ್ನು ಎತ್ತಿಕೊಂಡು ಅವನೂ ಹಾಜರಾದ.

ಅಭಿಮಾನಿಗಳ ನಿರೀಕ್ಷೆ ಈಗ ಎರಡು ಕವಲಾಗಿದೆ. ಡೂಮ್ ಎಂದರೆ ಬೇರೊಂದು ವಿಶ್ವದ ಟೋನಿಯೇ ಆಗಿರಬೇಕು, ಕೊನೆಗೊಮ್ಮೆ ಅವನೊಳಗಿನ ಒಳ್ಳೆಯತನ ಎಚ್ಚರಗೊಳ್ಳಬೇಕು ಎನ್ನುವವರು ಒಂದು ಕಡೆ. ಕಾಮಿಕ್ಸ್ ಓದಿ ಬೆಳೆದವರು ಇನ್ನೊಂದು ಕಡೆ. ಅವರಿಗೆ ವಿಕ್ಟರ್ ವಾನ್ ಡೂಮ್ 1962ರಿಂದ ತನ್ನದೇ ಅಹಂಕಾರ, ತನ್ನದೇ ದೇಶವುಳ್ಳ ಸ್ವತಂತ್ರ ಪಾತ್ರ, ಅವನನ್ನು ಟೋನಿಯ ನೆರಳು ಮಾಡುವುದು ಅಪಚಾರ. ಅದೇ ದಿನ ‘ಡ್ಯೂನ್’ನ ಮೂರನೆಯ ಭಾಗವೂ ಬರುವುದರಿಂದ ಗೆಲ್ಲುವವರಾರು ಎಂಬ ಪಂದ್ಯವೂ ನಡೆದಿದೆ, ಅದರ ಬಗ್ಗೆ ನನಗೆ ಆಸಕ್ತಿಯಿಲ್ಲ.

ಒಂದೇ ಮುಖ ದೇವರೂ ಆಗಿ ದೈತ್ಯನೂ ಆಗುವುದು ನನ್ನಂಥವರಿಗೆ ಹೊಸದಲ್ಲ. 1983ರಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ನಮ್ಮ ತಂದೆಯವರು ಹಳ್ಳಿಯಿಂದ ಬಸ್ಸಿನಲ್ಲಿ ಸಾಗರಕ್ಕೆ ಕರೆದೊಯ್ದು ‘ಭಕ್ತ ಪ್ರಹ್ಲಾದ’ ತೋರಿಸಿದರು. ಅಲ್ಲಿಯವರೆಗೆ ರಾಜ್‌ಕುಮಾರ್ ಎಂದರೆ ನನ್ನ ಪಾಲಿಗೆ ಒಳ್ಳೆಯತನದ ಇನ್ನೊಂದು ಹೆಸರು. ಅವರೇ ಗದೆ ಹೊತ್ತು ಹಿರಣ್ಯಕಶಿಪುವಾಗಿ ಗರ್ಜಿಸಿದಾಗ ಟಾಕೀಸಿನಲ್ಲಿ ಯಾರೂ ‘ಇದು ಹೇಗೆ ಸಾಧ್ಯ’ ಎಂದು ಕೇಳಲಿಲ್ಲ. ಮುಖ ನಟನದು, ಪಾತ್ರ ಕಥೆಯದು ಎಂಬ ತಿಳಿವಳಿಕೆ ಯಕ್ಷಗಾನ ನೋಡಿ ಬೆಳೆದ ಜನಕ್ಕೆ ರಕ್ತದಲ್ಲಿಯೇ ಇರುತ್ತದೆ. ಆದ್ದರಿಂದ ಡೌನಿ ಖಳನಾಗುವುದರಲ್ಲಿ ನನಗೆ ತಕರಾರಿಲ್ಲ. ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ: ಈ ಜನ ನಿಜವಾಗಿ ಕಾಯುತ್ತಿರುವುದು ಹೊಸ ಕಥೆಗೋ, ಅಥವಾ ಒಂದು ಸಾವು ರದ್ದಾಗುವುದಕ್ಕೋ?

ಸಾವನ್ನು ಹಿಂಪಡೆಯುವುದು ಕಾಮಿಕ್ಸ್ ವ್ಯಾಪಾರದ ಹಳೆಯ ಪದ್ಧತಿ. ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು ಸೃಷ್ಟಿಸಿದ ಸೂಪರ್‌ಮ್ಯಾನ್‌ನನ್ನು 1992ರ ನವೆಂಬರ್‌ನಲ್ಲಿ ಕೊಂದರು. ಕಪ್ಪು ಚೀಲದಲ್ಲಿ ಮೊಹರಾದ ಆ ಸಂಚಿಕೆಯನ್ನು ಕೊಳ್ಳಲು ಅಂಗಡಿಗಳ ಮುಂದೆ ಸಾಲು ನಿಂತಿತು. ಮರುವರ್ಷವೇ ಅವನು ಎದ್ದುಬಂದ. ಅಂದಿನಿಂದ ಕಾಮಿಕ್ಸ್ ಓದುಗರು ಯಾರ ಸಾವನ್ನೂ ಪೂರ್ತಿ ನಂಬಲಿಲ್ಲ. ‘ಎಂಡ್‌ಗೇಮ್’ ಅಷ್ಟು ಆಳಕ್ಕೆ ಇಳಿದದ್ದು ಅದು ಈ ಪದ್ಧತಿಯನ್ನು ಮುರಿದದ್ದರಿಂದ. ಟೋನಿಯ ಶವಸಂಸ್ಕಾರವನ್ನು ಅದು ಆತುರವಿಲ್ಲದೆ ತೋರಿಸಿತು.

ವೈದ್ಯನಾಗಿ ನನಗೆ ಇದು ಬರಿಯ ರಸವಿಮರ್ಶೆಯ ವಿಷಯವಲ್ಲ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಟಿವಿ ಧಾರಾವಾಹಿಗಳಲ್ಲಿ ಹೃದಯ ನಿಂತವರ ಎದೆ ಒತ್ತಿದಾಗ ನಾಲ್ವರಲ್ಲಿ ಮೂವರು ಬದುಕಿಬಿಡುತ್ತಿದ್ದರು ಎಂದು ಅದು ಲೆಕ್ಕ ಹಾಕಿ ತೋರಿಸಿತು. ವಾಸ್ತವದಲ್ಲಿ ಆಸ್ಪತ್ರೆಯ ಹೊರಗೆ ಹೃದಯ ಸ್ತಂಭಿಸಿದವರಲ್ಲಿ ಈ ದೇಶದಲ್ಲಿ ಮನೆಗೆ ಮರಳುವವರು ಸುಮಾರು ಹತ್ತರಲ್ಲಿ ಒಬ್ಬರು. ತೆರೆಯ ಮೇಲಿನ ಆ ಲೆಕ್ಕವನ್ನು ಹೊತ್ತುಕೊಂಡೇ ಜನ ನಮ್ಮ ತೀವ್ರ ನಿಗಾ ಘಟಕದ ಬಾಗಿಲಿಗೆ ಬರುತ್ತಾರೆ. ಅವರಿಗೆ ಬೇಕಾದದ್ದು ಮುಂದಿನ ಭಾಗ.

ಇನ್ನು ಗಲ್ಲಾಪೆಟ್ಟಿಗೆಯ ಮಾತು. ಎಂಡ್‌ಗೇಮ್ ನಂತರ ಮಾರ್ವೆಲ್ ಚಿತ್ರಗಳನ್ನೂ ಧಾರಾವಾಹಿಗಳನ್ನೂ ಎಡೆಬಿಡದೆ ಹೊರತಂದಿತು. ಪ್ರಮಾಣ ಹೆಚ್ಚಾಗಿ ಗುಣ ತೆಳುವಾಯಿತೆಂದು ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ ಒಪ್ಪಿಕೊಂಡರು. 2023ರ ‘ದ ಮಾರ್ವೆಲ್ಸ್’ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 20 ಕೋಟಿ ಡಾಲರ್ ಮಾತ್ರ. ಅದು ಕಳಪೆಯೆಂಬ ಕಾರಣಕ್ಕೆ ಸೋತಿತೆನ್ನೋಣ. ಆದರೆ 2025ರ ‘ಥಂಡರ್‌ಬೋಲ್ಟ್ಸ್’ ಹಾಗಿರಲಿಲ್ಲ. ಖಿನ್ನತೆಯನ್ನು, ಒಳಗಿನ ಶೂನ್ಯವನ್ನು ಅಷ್ಟು ಪ್ರಾಮಾಣಿಕವಾಗಿ ಕಾಣಿಸಿದ ಸೂಪರ್‌ಹೀರೋ ಚಿತ್ರವನ್ನು ನಾನು ನೋಡಿಲ್ಲ. ವಿಮರ್ಶಕರೂ ಮೆಚ್ಚಿದರು. ಗಳಿಕೆ 40 ಕೋಟಿ ಡಾಲರನ್ನೂ ಮುಟ್ಟಲಿಲ್ಲ. ಅದರ ಹಿಂದಿನ ವರ್ಷ, 2017ರಲ್ಲಿ ಮಣ್ಣುಮಾಡಿದ್ದ ವುಲ್ವರಿನ್‌ನನ್ನು ಮರಳಿ ಕರೆತಂದ ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ 130 ಕೋಟಿ ಡಾಲರ್ ದಾಟಿತ್ತು. ಇದರಿಂದ ಸಂಸ್ಥೆ ಯಾವ ಪಾಠ ಕಲಿಯಿತೆಂಬುದಕ್ಕೆ ಆ ಇಪ್ಪತ್ತೇಳು ಕುರ್ಚಿಗಳೇ ಉತ್ತರ.

ಇಲ್ಲಿ ನಾನು ಅಭಿಮಾನಿಗಳ ಪರ ನಿಲ್ಲಲಾರೆ. ಹೊಸತನವಿಲ್ಲವೆಂದು ದೂರಿದವರೇ ಹೊಸತು ಬಂದಾಗ ಮನೆಯಲ್ಲಿ ಉಳಿದರು. ಈಗ ಡಿಸೆಂಬರಿಗೆ ಎಣಿಕೆ ಹಾಕುತ್ತಿರುವವರಲ್ಲಿ ಬಹಳ ಮಂದಿ 2019ರ ನಂತರ ಚಿತ್ರಮಂದಿರದತ್ತ ಹೆಚ್ಚು ಸುಳಿದವರಲ್ಲ. ಏಳು ವರ್ಷ ದೂರವಿದ್ದು ಈಗ ಬಾಗಿಲು ತಳ್ಳಿಕೊಂಡು ಬಂದು, ತಾವು ಬಿಟ್ಟುಹೋದಾಗ ಇದ್ದಂತೆಯೇ ಎಲ್ಲವೂ ಇರಬೇಕೆಂದು ಪಟ್ಟುಹಿಡಿಯುತ್ತಿದ್ದಾರೆ.

ಇಂಥವರಿಗೆ ಅಮೆರಿಕದ ವೈದ್ಯರಲ್ಲಿ ಒಂದು ಹೆಸರಿದೆ. ‘ಕ್ಯಾಲಿಫೋರ್ನಿಯಾದ ಮಗಳು’ ಎನ್ನುತ್ತಾರೆ. 1991ರಿಂದ ವೈದ್ಯಕೀಯ ಬರಹಗಳಲ್ಲಿಯೂ ಈ ಮಾತು ಬಳಕೆಯಲ್ಲಿದೆ. ವೃದ್ಧ ರೋಗಿಯ ಬಳಿಯಿದ್ದು ಉಪಚರಿಸಿದವರು ಇನ್ನು ಸಾಕೆಂದು ಮನಸ್ಸು ಗಟ್ಟಿಮಾಡಿಕೊಂಡಿರುವಾಗ, ವರ್ಷಗಟ್ಟಲೆ ದೂರವಿದ್ದ ಮಗಳೊಬ್ಬಳು ವಿಮಾನವಿಳಿದು ಬಂದು ಎಲ್ಲ ಚಿಕಿತ್ಸೆಯೂ ನಡೆಯಲೇಬೇಕೆಂದು ಹಟಹಿಡಿಯುತ್ತಾಳೆ. ಈ ಮಾತನ್ನು ಕಿರಿಯ ವೈದ್ಯರಿಗೆ ನಾನು ಎಷ್ಟೋ ಸಲ ನಗುತ್ತ ವಿವರಿಸಿದ್ದೇನೆ.

2019ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಆ ಮಗಳಾಗಿ ಹೋದವನು ನಾನೇ. ತಂದೆಯವರಿಗೆ ಎಂಬತ್ತೆರಡು. ಮೂತ್ರಪಿಂಡಗಳು ಸೋತಿದ್ದವು, ಉಸಿರು ಯಂತ್ರದ್ದಾಗಿತ್ತು. ಅಲ್ಲಿನ ವೈದ್ಯರೂ ನನ್ನ ತಂಗಿಯೂ ಕೂಡಿ ಒಂದು ತೀರ್ಮಾನಕ್ಕೆ ಬಂದಿದ್ದರು. ಮೂವತ್ತು ಗಂಟೆ ಪ್ರಯಾಣಿಸಿ ಬಂದ ನಾನು, ಎಂಡಿ ಪದವಿಯ ನಾನು, ಡಯಾಲಿಸಿಸ್ ಆಗಲೇಬೇಕೆಂದೆ. ಆ ವೈದ್ಯರು ಸೌಜನ್ಯದಿಂದ ನನ್ನ ಮಾತಿಗೆ ಎಡೆಮಾಡಿಕೊಟ್ಟರು. ಒಂಬತ್ತು ದಿನ ನಡೆಯಿತು. ಐದನೆಯ ದಿನ ಹೊರಗಿನ ಬೆಂಚಿನ ಮೇಲೆ ತಂಗಿ ಹೇಳಿದಳು: “ಅಣ್ಣ, ನೀನು ಕೇಳ್ತಿರೋ ಅಪ್ಪ ಐದು ವರ್ಷದ ಹಿಂದೇನೇ ಹೋಗಿಯಾಯ್ತು. ಒಳಗೆ ಮಲಗಿರೋರನ್ನ ನೀನು ನೋಡೇ ಇಲ್ಲ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ನಾನು ಕಾಣುತ್ತಿದ್ದದ್ದು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ತಲೆ ಬಾಚಿ ಸಿದ್ಧಪಡಿಸಿದ ತಂದೆಯನ್ನು. ಸಿದ್ಧಪಡಿಸುತ್ತಿದ್ದವಳು ಅವಳು.

ಎರಡು ತಿಂಗಳ ನಂತರ ಮಗನೊಡನೆ ಎಂಡ್‌ಗೇಮ್ ನೋಡಿದೆ. ಅಜ್ಜನ ಸಾವಿನ ಸುದ್ದಿಗೆ ಒಂದು ಹನಿಯೂ ಉದುರಿಸದಿದ್ದ ಹುಡುಗ ಟೋನಿಯ ಶವಸಂಸ್ಕಾರದ ಹೊತ್ತಿಗೆ ಬಿಕ್ಕಿಬಿಕ್ಕಿ ಅತ್ತ. ಆಗ ನನಗೆ ಕೋಪ ಬಂದಿತ್ತು. ಬೇಸಿಗೆ ರಜೆಯಲ್ಲಿ ಮೂರೋ ನಾಲ್ಕೋ ಸಲ ಕಂಡ ಅಜ್ಜನಿಗಿಂತ ಹನ್ನೊಂದು ವರ್ಷ ಬಿಡದೆ ಕಂಡ ಟೋನಿಯೇ ಅವನಿಗೆ ಹತ್ತಿರದವನಾಗಿದ್ದನೆಂಬುದು, ಅದಕ್ಕೆ ಹೊಣೆ ಯಾರೆಂಬುದು, ತಡವಾಗಿ ಹೊಳೆಯಿತು. ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರಲು ಹೊರಟಿರುವವರು ನನಗೆ ಆಗಾಗ ಪತ್ರ ಬರೆದು ಸಂಬಳ, ವೀಸಾ, ಪರೀಕ್ಷೆಗಳ ಬಗ್ಗೆ ಕೇಳುತ್ತಾರೆ. ಇದನ್ನು ಯಾರೂ ಕೇಳುವುದಿಲ್ಲ.

ಸತ್ತವರನ್ನು ಕರೆಯದೆಯೂ ಮುಂದಿನ ಭಾಗ ಮಾಡಬಹುದೆಂಬುದಕ್ಕೆ ಮಾರ್ವೆಲ್‌ನಲ್ಲಿಯೇ ನಿದರ್ಶನವಿದೆ. ‘ಬ್ಲ್ಯಾಕ್ ಪ್ಯಾಂಥರ್’ನ ನಾಯಕ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ, 43ನೆಯ ವಯಸ್ಸಿಗೆ, ದೊಡ್ಡಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಆ ಪಾತ್ರಕ್ಕೆ ಬೇರೆ ನಟನನ್ನು ತರಬೇಕೆಂದು ಅಭಿಮಾನಿಗಳ ಒಂದು ಗುಂಪು ಬಲವಾಗಿ ಒತ್ತಾಯಿಸಿತು. ನಿರ್ದೇಶಕ ರಯಾನ್ ಕೂಗ್ಲರ್ ಒಪ್ಪಲಿಲ್ಲ. 2022ರ ‘ವಕಾಂಡ ಫಾರೆವರ್’ ದೊರೆಯ ಸಾವಿನಿಂದಲೇ ಆರಂಭವಾಗಿ, ಉಳಿದ ಹೆಂಗಸರ ದುಃಖವನ್ನು ಹಿಂಬಾಲಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮವರು ಪುನೀತ್ ರಾಜ್‌ಕುಮಾರ್ ಇಲ್ಲದ ಪುನೀತ್ ಚಿತ್ರ ‘ಜೇಮ್ಸ್’ ನೋಡಿದ್ದರು. ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ತುಟಿ ಒಬ್ಬರದು, ದನಿ ಇನ್ನೊಬ್ಬರದು. ಆ ಅಂತರವನ್ನು ಯಾರೂ ದೋಷವೆಂದು ಎಣಿಸಲಿಲ್ಲ.

ರುಸ್ಸೊ ಸಹೋದರರಿಗೆ ಈ ಸೂಕ್ಷ್ಮ ತಿಳಿಯದೆಂದು ನಾನು ಹೇಳಲಾರೆ. ಟೋನಿಯ ಮುಖವನ್ನು ತೋರಿಸಿಯೂ ಟೋನಿಯನ್ನು ಕೊಡದಿದ್ದರೆ, ಹತ್ತಿರ ಬಂದು ತಬ್ಬಲು ಹೋದವರನ್ನು ಆ ಮುಖ ಗುರುತಿಸದೇ ಹೋದರೆ, ‘ಡೂಮ್ಸ್‌ಡೇ’ ದೊಡ್ಡ ಚಿತ್ರವಾದೀತು. ಬದಲಿಗೆ ಕೊನೆಯ ಹತ್ತು ನಿಮಿಷದಲ್ಲಿ ಅವನು ಕಣ್ಣು ತುಂಬಿಕೊಂಡು ಹಳೆಯ ಟೋನಿಯಾಗಿಬಿಟ್ಟರೆ ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ, ಹಣವೂ ಬರುತ್ತದೆ. 2019ರ ಆ ಶವಸಂಸ್ಕಾರ ಮಾತ್ರ ಸುಳ್ಳಾಗುತ್ತದೆ. ನನ್ನ ಅಂದಾಜಿನಲ್ಲಿ ಎರಡನೆಯದೇ ಹೆಚ್ಚು ಸಂಭವ.

ಸಾಗರದಲ್ಲಿರುವ ತಾಯಿಯವರಿಗೆ ದೂರವಾಣಿಯಲ್ಲಿ ಕಥೆ ಹೇಳಿದೆ. “ಸತ್ತವ್ನು ರಾಕ್ಷಸನಾಗಿ ಬಂದ್ರೆ ಅವ್ನ ಹೆಂಡ್ತಿ ಮಗಳ ಗತಿ ಏನೋ?” ಎಂದರು. ಇಷ್ಟು ತಿಂಗಳ ಚರ್ಚೆಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಇದು.

ಮಗ ಈಗ ಸಿಯಾಟಲ್‌ನಲ್ಲಿದ್ದಾನೆ. ಡಿಸೆಂಬರ್ 18 ಶುಕ್ರವಾರ. ಅಂದು ಕ್ಲೀವ್‌ಲ್ಯಾಂಡಿಗೆ ಬರುತ್ತೇನೆ, ಇಬ್ಬರೂ ಹಳೆಯ ಚಿತ್ರಮಂದಿರಕ್ಕೇ ಹೋಗೋಣ ಎಂದಿದ್ದಾನೆ. ಆ ರಾತ್ರಿಯ ಪಾಳಿಯನ್ನು ಸಹೋದ್ಯೋಗಿಯೊಬ್ಬರಿಗೆ ಈಗಲೇ ವಹಿಸಿಕೊಟ್ಟಿದ್ದೇನೆ. ಒಂದು ಷರತ್ತನ್ನೂ ಹಾಕಿದ್ದೇನೆ: ಎಂಡ್‌ಗೇಮ್‌ನಿಂದ ಈಚೆಗೆ ಬಂದ ಚಿತ್ರಗಳಲ್ಲಿ ಅವನು ಬಿಟ್ಟವನ್ನೆಲ್ಲ ಅಷ್ಟರೊಳಗೆ ನೋಡಿ ಮುಗಿಸಬೇಕು, ‘ಥಂಡರ್‌ಬೋಲ್ಟ್ಸ್’ನಿಂದ ಆರಂಭಿಸಬೇಕು. ಅವನು ಅಲ್ಲಿಯೇ ಕುಳಿತು ಗಂಟೆಗಳ ಲೆಕ್ಕ ಹಾಕಿ, “ಅಪ್ಪಾ, ಇದು ತುಂಬಾ ಆಯ್ತು” ಎಂದ.